ತೂಬಿನ ಕೋಲಿಗೆ ಕಟ್ಟಿದ ಉಡಿದಾರ

"ಬುದ್ಧಿ, ನಂಬಿದವನ ಎದುರಿಗೆ ಬೀಗ ಹಾಕುವುದು ಅವನಿಗೆ ಮಾಡುವ ಅವಮಾನವಲ್ಲವೆ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಗುರುಮಲ್ಲ. ಮಠದ ದಾಸೋಹಕ್ಕೆ ಹಿಟ್ಟು ಬೀಸುವ ಗಿರಣಿ ಅವನ ವಶದಲ್ಲಿತ್ತು. ಗಿರಣಿಯ ಗುಂಡಿ ಒತ್ತುವವನು ಚಿಕ್ಕಮಾದು. ಇಬ್ಬರೂ ಒಂದೇ ಬೀದಿಯಲ್ಲಿ ಹುಟ್ಟಿದವರು, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು.

ಹಿಂದಿನ ವಾರ ಗುರುಗಳು ಒಂದು ನಿಯಮ ಮಾಡಿದ್ದರು. ಗಿರಣಿಯ ಬಾಯಿ ಬಿಚ್ಚಿ ಒಳಗೆ ಕೈ ಹಾಕುವವನು ಮೊದಲು ಕರೆಂಟು ತೆಗೆಯಬೇಕು. ಸ್ವಿಚ್ಚಿನ ಪೆಟ್ಟಿಗೆಗೆ ತನ್ನದೇ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಸೊಂಟದಲ್ಲೇ ಇಟ್ಟುಕೊಳ್ಳಬೇಕು. ಕಲ್ಲು ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಗುಂಡಿಯನ್ನು ಒಮ್ಮೆ ಒತ್ತಿ, ಗಿರಣಿ ಏಳುವುದಿಲ್ಲ ಎಂಬುದನ್ನು ನೋಡಿಕೊಳ್ಳಬೇಕು. ಆಮೇಲೆ ಕೈ ಹಾಕಬೇಕು. ಹಾಕಿದ ಬೀಗವನ್ನು ಹಾಕಿದವನೇ ತೆಗೆಯಬೇಕು, ಬೇರೆ ಯಾರೂ ಮುಟ್ಟಬಾರದು.

ಮೊದಲ ದಿನ ಬೀಗ ಕಂಡ ಚಿಕ್ಕಮಾದು, "ಇಷ್ಟು ವರ್ಷ ಇಲ್ಲದ್ದು ಈಗ ನಾನು ಕಳ್ಳನಾದೆನೋ?" ಎಂದು ಕೇಳಿದ್ದ. ಆಮೇಲೆ ಎರಡು ದಿನ ಗುರುಮಲ್ಲನೊಡನೆ ಮಾತು ಬಿಟ್ಟಿದ್ದ. ಮೂರನೆಯ ದಿನ ಗುರುಮಲ್ಲ ಬೀಗವನ್ನೂ ಬೀಗದ ಕೈಯನ್ನೂ ತಂದು ಗುರುಗಳ ಎದುರಿಗೆ ನೆಲದ ಮೇಲೆ ಇಟ್ಟ.

"ಒಳಗೆ ಕೈ ಹಾಕುತ್ತಿದ್ದೇನೆ ಕಣೋ ಅಂತ ಒಂದು ಮಾತು ಅಂದರೆ ಸಾಕು ಬುದ್ಧಿ. ಮಾದು ತನ್ನ ಕೈ ಕಡಿದುಕೊಂಡಾನು, ಗುಂಡಿ ಒತ್ತುವುದಿಲ್ಲ. ಅವನು ನನ್ನ ಒಡಹುಟ್ಟಿದವನಿಗಿಂತ ಹೆಚ್ಚು. ಅಂಥವನ ಮೇಲೆ ನನಗೆ ಅನುಮಾನ ಉಂಟೆ?"

ಗುರುಗಳು ಬೀಗವನ್ನು ನೋಡಿದರು. ಅದನ್ನು ಎತ್ತಿಕೊಳ್ಳಲಿಲ್ಲ, ಹಿಂದಕ್ಕೆ ತಳ್ಳಲೂ ಇಲ್ಲ. ಕೂತುಕೋ ಎಂದು ಕೈ ತೋರಿಸಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಕೆರೆ. ಆ ಕೆರೆಗೆ ಒಬ್ಬ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಸಾಕಾದಾಗ ಮುಚ್ಚುವುದು ಅವನ ಕೆಲಸ. ಅವನ ಅಪ್ಪನದೂ ಅದೇ ಕೆಲಸವಾಗಿತ್ತು.

ಏರಿಯಿಂದ ನಾಲ್ಕು ಮಾರು ಒಳಗೆ, ನೀರಿನ ನಡುವೆ, ಎರಡು ಕಲ್ಲುಕಂಬಗಳು ನಿಂತಿದ್ದವು. ಅಲ್ಲಿಗೆ ಹೋಗಲು ಒಂದು ಹಾಸುಗಲ್ಲಿನ ದಾರಿ. ಕಂಬಗಳ ನಡುವಿನಿಂದ ಒಂದು ಉದ್ದನೆಯ ಮರದ ಕೋಲು ನೀರಿಗೆ ಇಳಿದಿತ್ತು. ಕೋಲಿನ ತುದಿಗೆ ಬಿರಡೆ. ಬಿರಡೆಯ ಕೆಳಗೆ ಸುರಂಗ. ಸುರಂಗ ಏರಿಯ ಅಡಿಯಲ್ಲಿ ಹಾದು, ನಡುವೆ ಒಂದು ಕಡೆ ತಿರುಗಿ, ಆಚೆ ಬದಿಯ ಕಾಲುವೆಯಲ್ಲಿ ಬಾಯಿ ತೆರೆಯುತ್ತಿತ್ತು. ಕೋಲು ಎತ್ತಿದರೆ ಕೆರೆಯೆಲ್ಲ ಆ ಸುರಂಗಕ್ಕೆ ನುಗ್ಗುತ್ತದೆ. ಎತ್ತಲು ಬೇಕಾದದ್ದು ಒಬ್ಬ ಗಂಡಸಿನ ಎರಡು ತೋಳು, ಅಷ್ಟೆ.

ಸುರಂಗದಲ್ಲಿ ಹೂಳು ತುಂಬುವುದುಂಟು. ಕಲ್ಲು ಕಳಚುವುದುಂಟು. ಆಗ ಜನ ಕಾಲುವೆಯ ಕಡೆಯಿಂದ ಅಂಬೆಗಾಲಿಕ್ಕಿ ಒಳಗೆ ಹೋಗಬೇಕು. ತಲೆಯ ಮೇಲೆ ಕೆರೆ ಇರುತ್ತದೆ.

ನೀರುಗಂಟಿಯ ಅಪ್ಪನ ಕಾಲದಲ್ಲಿ ಒಮ್ಮೆ ಹೀಗೆ ಜನ ಒಳಗೆ ಹೋಗಿದ್ದರು. ಕೆಲಸ ಮುಗಿಯಿತು. ಮೂವರು ಬಂದು, ಎಲ್ಲರೂ ಹೊರಗೆ ಬಂದರು, ಇನ್ನು ಎತ್ತು ಎಂದರು. ಅಪ್ಪ ಕೋಲು ಎತ್ತಿದ. ಒಬ್ಬ ಹೂಳು ಹೊರುವವನು ಒಳಗಿದ್ದ. ಮೂವರೂ ಸುಳ್ಳು ಹೇಳಿರಲಿಲ್ಲ. ಮೂವರೂ ತಾವು ತಿಳಿದದ್ದನ್ನು ಹೇಳಿದ್ದರು. ಊರಿನವರು ಅಪ್ಪನನ್ನು ಬಯ್ಯಲಿಲ್ಲ. ಸತ್ತವನ ಹೆಂಡತಿಯೂ ಬಯ್ಯಲಿಲ್ಲ. ಆದರೆ ಅಪ್ಪ ಆ ದಿನದಿಂದ ಸಾಯುವವರೆಗೆ ಆ ಕೆರೆಯ ನೀರು ಕುಡಿಯಲಿಲ್ಲ. ಅರ್ಧ ಹರದಾರಿ ನಡೆದು ಬೇರೆ ಊರಿನ ಬಾವಿಯಿಂದ ಒಂದು ಕೊಡ ಹೊತ್ತು ತರುತ್ತಿದ್ದ. ಯಾಕೆ ಎಂದು ಕೇಳಿದರೆ ಮಾತು ಬದಲಿಸುತ್ತಿದ್ದ.

ಅಪ್ಪ ಒಂದು ವರ್ಷ ಯೋಚಿಸಿದ. ಒಳಗೆ ಹೋಗುವವನು ಕೋಲಿನ ಬಳಿ ತನ್ನ ಗುರುತು ಬಿಟ್ಟು ಹೋಗಬೇಕು ಎಂಬುದು ಅವನಿಗೆ ಹೊಳೆಯಿತು. ಯಾವ ಗುರುತು? ಟವೆಲ್ಲು ಕಟ್ಟಿದರೆ ಗಾಳಿಗೆ ಹಾರೀತು. ಗೂಟ ಹೊಡೆದರೆ ಬಂದವರು ಹೋದವರು ಕಿತ್ತಾರು. ಚಪ್ಪಲಿ ಬಿಟ್ಟರೆ ಬಿಟ್ಟವನೇ ಮರೆತಾನು. ಕೊನೆಗೆ ಅವನು ಉಡಿದಾರವನ್ನು ಆರಿಸಿದ.

ಗಂಡು ಕೂಸಿನ ಸೊಂಟಕ್ಕೆ ತಾಯಿ ಉಡಿದಾರ ಕಟ್ಟಿದ ಮೇಲೆ ಆ ಸೊಂಟ ಮತ್ತೆ ಬರಿದಾಗುವುದಿಲ್ಲ. ಹಳೆಯದು ಸವೆದರೆ, ಮೊದಲು ಹೊಸದನ್ನು ಕಟ್ಟಿ ಆಮೇಲೆ ಹಳೆಯದನ್ನು ತೆಗೆಯುತ್ತಾರೆ. ಉಡಿದಾರ ಹರಿಯುವುದು ಒಂದೇ ಸಲ, ಹೆಣವಾದ ಮೇಲೆ. ಇನ್ನೊಬ್ಬನ ಉಡಿದಾರಕ್ಕೆ ಕತ್ತಿ ತಾಗಿಸುವ ಧೈರ್ಯ ಆ ಸೀಮೆಯಲ್ಲಿ ಯಾರಿಗೂ ಇರಲಿಲ್ಲ.

ಅಪ್ಪ ಕಂಬದಲ್ಲಿ ಒಂದು ಕಲ್ಲಿನ ಬಳೆ ಕೊರೆಸಿದ. ಕೋಲಿನಲ್ಲಿ ಅದರ ನೇರಕ್ಕೆ ಒಂದು ತೂತು ಮಾಡಿಸಿದ. ಸುರಂಗಕ್ಕೆ ಹೋಗುವ ಪ್ರತಿಯೊಬ್ಬನೂ ತನ್ನ ಉಡಿದಾರ ಬಿಚ್ಚಿ, ಬಳೆಗೂ ತೂತಿಗೂ ಸೇರಿಸಿ, ತನ್ನ ಕೈಯಾರೆ ಗಂಟು ಹಾಕಬೇಕು. ಲಂಗೋಟಿ ನಿಲ್ಲಲು ಅಷ್ಟು ಹೊತ್ತು ಸೊಂಟಕ್ಕೆ ಬಾಳೆನಾರು. ಆಮೇಲೆ ನೀರುಗಂಟಿ ಸುರಂಗದ ಬಾಯಿಗೆ ಹೋಗಿ ಕೂರಬೇಕು. ಒಳಗೆ ಉಳಿದ ನೀರು ಇಳಿಯುವವರೆಗೆ, ಒಂದು ವೀಳ್ಯ ಮೆಲ್ಲುವಷ್ಟು ಹೊತ್ತು ಕಾಯಬೇಕು. ಸುರಂಗದ ನೆಲದ ಮೇಲೆ ಒಂದು ಒಣ ಎಲೆ ಇಟ್ಟು ನೋಡಬೇಕು. ಎಲೆ ಅಲುಗದಿದ್ದರೆ ಜನ ಒಳಗೆ. ಹೊರಗೆ ಬಂದವನು ಏರಿ ಹತ್ತಿ ತನ್ನ ಗಂಟನ್ನು ತಾನೇ ಬಿಚ್ಚಬೇಕು. ಕೊನೆಯ ಗಂಟು ಬಿಚ್ಚುವವರೆಗೆ ಕೋಲು ಏಳಬಾರದು.

ಅಪ್ಪ ಸಾಯುವಾಗ ಮಗನಿಗೆ ಹೇಳಿದ್ದು ಒಂದೇ ಮಾತು. "ಮಗಾ, ಜನ ಹೇಳಿದ್ದು ಕೇಳು, ಕಣ್ಣು ಕಂಡದ್ದು ನೋಡು. ಕೋಲು ಎತ್ತುವಾಗ ಮಾತ್ರ ದಾರ ನೋಡು."

ಮಗ ಹಾಗೇ ನಡೆದುಕೊಂಡ. ಬಹಳ ವರ್ಷ ಏನೂ ಆಗಲಿಲ್ಲ. ಏನೂ ಆಗದೆ ಇದ್ದುದರಿಂದ ಊರಿನವರಿಗೆ ಅದು ಒಂದು ತಮಾಷೆಯಾಯಿತು. ಸುರಂಗಕ್ಕೆ ಇಳಿಯುವವರನ್ನು ಕಂಡರೆ, "ಏನಪ್ಪ, ಇವತ್ತು ಬಾಳೆನಾರಿನ ಮದುಮಗನೋ?" ಎನ್ನುತ್ತಿದ್ದರು.

ಒಂದು ವರ್ಷ ಕೆರೆ ತುಂಬಿತು. ಸಸಿ ನಾಟಿಗೆ ಬಂದಿತ್ತು. ಮೊದಲ ನೀರು ಬಿಡಲು ಜೋಯಿಸ ಒಂದು ಘಳಿಗೆ ಇಟ್ಟುಕೊಟ್ಟ. ಅದು ತಪ್ಪಿದರೆ ಮುಂದೆ ಹನ್ನೊಂದು ದಿನ ಒಳ್ಳೆಯ ಘಳಿಗೆ ಇರಲಿಲ್ಲ. ಆದರೆ ಸುರಂಗದೊಳಗೆ ತಿರುವಿನ ಬಳಿ ಕಲ್ಲು ಕಳಚಿತ್ತು. ಎರಡು ಹರದಾರಿ ದೂರದ ಊರಿನಿಂದ ಒಬ್ಬ ಕಲ್ಲುಕುಟಿಗನನ್ನೂ ಅವನ ಅಣ್ಣನನ್ನೂ ಕರೆಸಿದರು. ಹೂಳು ಎಳೆಯಲು ಊರಿನ ಐವರು. ಒಟ್ಟು ಏಳು ಜನ.

ಘಳಿಗೆಯ ದಿನವೇ ಬೆಳಗ್ಗೆ ಏಳು ಉಡಿದಾರಗಳು ಕೋಲಿಗೆ ಬಂದವು. ಎಲೆ ಅಲುಗಲಿಲ್ಲ. ಏಳು ಜನ ಒಳಗೆ ಹೋದರು.

ಕಲ್ಲುಕುಟಿಗನ ಹೆಂಡತಿ ಹೆತ್ತು ಒಂಬತ್ತು ದಿನವಾಗಿತ್ತು. ಗಂಡು ಕೂಸು. "ಉಂಡ ಕೈ ತೊಳೆದವನೇ ಊರಿಗೆ ಹೊರಟೆ, ನನ್ನನ್ನು ಯಾರೂ ತಡೆಯಬೇಡಿ" ಎಂದು ಅವನು ಬೆಳಗಿನಿಂದ ಹೇಳುತ್ತಲೇ ಇದ್ದ.

ಹೊತ್ತು ನೆತ್ತಿಗೆ ಬರುವ ಮೊದಲೇ ಕೆಲಸ ಮುಗಿಯಿತು. ಏಳು ಜನ ಹೊರಗೆ ಬಂದರು. ಕಾಲುವೆಯ ದಡದಲ್ಲಿ ಏಳು ಎಲೆ ಹಾಕಿ ಮುದ್ದೆ ಇಕ್ಕಿದರು. ನೀರುಗಂಟಿ ತಾನೇ ನಿಂತು ಸಾರು ಬಡಿಸಿದ.

ಉಣ್ಣುವಾಗ ಅಣ್ಣ ತಮ್ಮನನ್ನು ಕೆಣಕಿದ. "ಇವನು ಕಟ್ಟಿದ್ದು ನೋಡಿದ್ದೇನೆ. ಬೆಕ್ಕು ಬಂದು ಒರಗಿದರೂ ಬೀಳುತ್ತದೆ."

"ನೀನು ಕಟ್ಟಿದ್ದಕ್ಕೆ ಬೆಕ್ಕು ಬೇಕಿಲ್ಲ, ಅದರ ನೆರಳು ಸಾಕು" ಎಂದ ತಮ್ಮ.

ಎಲ್ಲರೂ ನಕ್ಕರು. ಕಲ್ಲುಕುಟಿಗನೂ ನಕ್ಕ. ಆದರೆ ಅವನ ಮಡಿಲಲ್ಲಿ ಒಂದು ಕಲ್ಲುಚಕ್ಕೆ ಉಳಿದಿತ್ತು. ಕೊನೆಯ ಸಂದಿಗೆ ಬಡಿಯಬೇಕಾಗಿದ್ದ ಚಕ್ಕೆ. ಊರಿಗೆ ಹೋಗುವ ಆತುರದಲ್ಲಿ ಅವನು ಅದನ್ನು ಬಿಟ್ಟಿದ್ದ. ಅಣ್ಣನ ಎದುರಿಗೆ ಅದನ್ನು ಒಪ್ಪಿಕೊಂಡರೆ ಬೆಕ್ಕಿನ ಮಾತು ವರ್ಷವೆಲ್ಲ ನಡೆಯುತ್ತದೆ. ಉಳಿದವರು ಎಲೆ ಎತ್ತುತ್ತಿದ್ದಾಗ ಅವನು ಕೈ ತೊಳೆಯಲು ಹೋದವನಂತೆ ಹೋಗಿ, ಸುತ್ತಿಗೆ ಹಿಡಿದು, ಸುರಂಗದೊಳಗೆ ನುಸುಳಿದ. ಯಾರೂ ನೋಡಲಿಲ್ಲ. ನೀರುಗಂಟಿಯೂ ನೋಡಲಿಲ್ಲ. ಅವನು ಸಾರಿನ ಪಾತ್ರೆ ತೊಳೆಯುತ್ತಿದ್ದ.

ಉಳಿದ ಆರು ಜನ ಏರಿ ಹತ್ತಿ ಗಂಟು ಬಿಚ್ಚಿಕೊಂಡರು. ಸ್ನಾನ ಮಾಡಿ ಮಡಿಯುಟ್ಟು ಬಂದರು. ಓಲಗ ಬಂತು. ಹೆಂಗಸರು ಬಾಗಿನದ ಮೊರ ಹಿಡಿದು ಬಂದರು. ಊರಿನ ಯಜಮಾನ ಜರಿಪೇಟ ಸುತ್ತಿ ಬಂದ. ಜೋಯಿಸ ನೆರಳು ಅಳೆದು, ಇನ್ನೇನು ಘಳಿಗೆ ಬಂತು ಎಂದ. ಏರಿಯ ಮೇಲೆ ಇನ್ನೂರು ಜನ.

ನೀರುಗಂಟಿ ಹಾಸುಗಲ್ಲಿನ ಮೇಲೆ ನಡೆದು ಕೋಲಿನ ಬಳಿಗೆ ಹೋದ. ಒಂದು ದಾರ ಉಳಿದಿತ್ತು.

ಕಪ್ಪು ದಾರ. ಅದರಲ್ಲಿ ಒಂದು ಸಣ್ಣ ತಾಮ್ರದ ತಾಯಿತ. ಅವನಿಗೆ ಗುರುತು ಸಿಕ್ಕಿತು. ಅವನು ಕೋಲಿನಿಂದ ಕೈ ತೆಗೆದು ಹಿಂದಕ್ಕೆ ಬಂದ.

"ಕಲ್ಲುಕುಟಿಗನ ದಾರ ಇದೆ ಯಜಮಾನರೆ. ಅವನು ಬಂದು ಬಿಚ್ಚಲಿ."

"ಅವನು ಊರಿಗೆ ಹೋದ. ಮರೆತಿದ್ದಾನೆ" ಎಂದ ಯಜಮಾನ.

"ಕರೆಸಿ."

"ಎರಡು ಹರದಾರಿ ಹೋಗಿ ಬರುವುದರೊಳಗೆ ಘಳಿಗೆ ಉಳಿಯುತ್ತದೆಯೆ? ಅವನು ಹೊರಗೆ ಬಂದದ್ದನ್ನು ನೀನೇ ಕಂಡೆಯಲ್ಲ. ನಿನ್ನ ಕೈಯಲ್ಲೇ ಉಂಡನಲ್ಲ."

"ಹೌದು ಯಜಮಾನರೆ. ಎರಡು ಸಲ ಸಾರು ಹಾಕಿಸಿಕೊಂಡ."

ಜನ ನಕ್ಕರು. ಹೂವು ಮಾರುವ ಅಜ್ಜಿ ಮುಂದೆ ಬಂದಳು. "ಈಗ ತಾನೆ ಹಾದಿಯಲ್ಲಿ ಕಂಡೆ ಕಣಪ್ಪ. ಹೆಗಲ ಮೇಲೆ ಸುತ್ತಿಗೆ ಇತ್ತು. ದಡದಡ ಹೋದ. ಸುಳ್ಳು ಹೇಳಿದರೆ ನನ್ನ ಕಣ್ಣು ಹೋಗಲಿ." ಅವಳು ಸುಳ್ಳು ಹೇಳಲಿಲ್ಲ. ಅವಳು ಕಂಡದ್ದು ಪಕ್ಕದ ಊರಿನ ಕಮ್ಮಾರನನ್ನು. ಅದು ಆಮೇಲೆ ತಿಳಿಯಿತು.

ಒಬ್ಬ ಓಡಿ ಹೋಗಿ ಸುರಂಗದ ಬಾಯಿಯಲ್ಲಿ ನಿಂತು ಕೂಗಿದ. ಓಲಗ ನಿಲ್ಲಿಸಿ ಎಲ್ಲರೂ ಕಿವಿಗೊಟ್ಟರು. ಉತ್ತರ ಬರಲಿಲ್ಲ. ದೀಪ ಹಿಡಿದು ನೋಡಿದ. ತಿರುವಿನವರೆಗೆ ಖಾಲಿ.

"ಅವನು ಸೊಂಟ ಬರಿದು ಮಾಡಿಕೊಂಡು ಊರಿಗೆ ಹೋಗುತ್ತಾನೆಯೆ?" ಎಂದ ನೀರುಗಂಟಿ. "ಬಾಳೆನಾರು ಕಟ್ಟಿಕೊಂಡು ಬಾಣಂತಿಯ ಎದುರಿಗೆ ನಿಲ್ಲುತ್ತಾನೆಯೆ?"

"ನಿಂತರೂ ನಿಂತಾನು. ಮೊದಲ ಮಗ ಅಲ್ಲವೆ, ತಲೆ ನೆಲದ ಮೇಲೆ ಇಲ್ಲ" ಎಂದ ಹೂಳು ಎಳೆದವರಲ್ಲಿ ಒಬ್ಬ.

ಮತ್ತೆ ನಗೆ ಎದ್ದಿತು. ನಿಜ ಹೇಳಬೇಕೆಂದರೆ ನೀರುಗಂಟಿಗೂ ಒಳಗೆ ಯಾರೂ ಇಲ್ಲವೆಂದೇ ಅನ್ನಿಸಿತು. ಅವನು ಕಲ್ಲುಕುಟಿಗನನ್ನು ಕಣ್ಣಾರೆ ಕಂಡಿದ್ದ. ಅಜ್ಜಿಯ ಮಾತನ್ನು ನಂಬಿದ್ದ. ಕೂಗಿಗೆ ಉತ್ತರ ಬಾರದ್ದನ್ನು ಕಿವಿಯಾರೆ ಕೇಳಿದ್ದ. ಎಲ್ಲವೂ ಒಂದೇ ಕಡೆಗೆ ಬೆರಳು ತೋರಿಸುತ್ತಿತ್ತು. ಇನ್ನೊಂದು ಕಡೆಗೆ ಇದ್ದದ್ದು ಒಂದು ಗೇಣು ಕಪ್ಪು ದಾರ.

"ಎತ್ತುವುದಿಲ್ಲ ಯಜಮಾನರೆ" ಎಂದ ಅವನು.

ಯಜಮಾನನ ಮುಖ ಬಿಗಿಯಿತು. "ಎತ್ತದವನ ಕೈಗೆ ಕೋಲು ಯಾಕೆ? ನಾಳೆಯಿಂದ ಬೇರೆ ನೀರುಗಂಟಿಯನ್ನು ನೋಡುತ್ತೇನೆ. ಮನೆ ಬಿಟ್ಟುಕೊಡು, ನೀರುಗಂಟಿಯ ಹೊಲ ಬಿಟ್ಟುಕೊಡು."

"ಆಗಲಿ. ನಾಳೆ ಬಿಡುತ್ತೇನೆ. ಇವತ್ತು ಕೋಲು ನನ್ನ ಕೈಯಲ್ಲಿದೆ."

ಆಗ ಕಲ್ಲುಕುಟಿಗನ ಅಣ್ಣ ಹಾಸುಗಲ್ಲಿನ ಮೇಲೆ ಬಂದ. ಅವನ ಕೈಯಲ್ಲಿ ಕುಡುಗೋಲು ಇತ್ತು. ಅವನು ಕೆಟ್ಟವನಲ್ಲ. ತಮ್ಮನಿಗಾಗಿ ಊರು ಕಾಯುತ್ತಿದೆಯಲ್ಲ ಎಂದು ಅವನಿಗೆ ನಾಚಿಕೆಯಾಗಿತ್ತು. ತಮ್ಮನ ಮರೆವಿಗಾಗಿ ಒಬ್ಬನ ಹೊಲ ಹೋಗುತ್ತಿದೆಯಲ್ಲ ಎಂದು ಸಂಕಟವಾಗಿತ್ತು.

"ನೀನು ಮುಟ್ಟಬೇಡ ಅಣ್ಣಯ್ಯ, ಪಾಪ ನಿನಗೆ ಬೇಡ" ಎಂದ ಅವನು ನೀರುಗಂಟಿಗೆ. "ಅವನನ್ನು ಎತ್ತಿ ಆಡಿಸಿದವನು ನಾನು. ಅವನ ಉಡಿದಾರ ಅವನಿಗಿಂತ ನನಗೆ ಗೊತ್ತು. ನಾನೇ ಕೊಯ್ದು, ಊರಿಗೆ ಹೋಗಿ ಹೊಸದು ಕಟ್ಟುತ್ತೇನೆ. ಅಣ್ಣನಿಗೆ ಅಷ್ಟು ಹಕ್ಕಿಲ್ಲವೆ?"

ಜನ ಹೌದು ಹೌದು ಎಂದರು. ಯಜಮಾನ ತಲೆಯಾಡಿಸಿದ. ಜೋಯಿಸ ನೆರಳು ನೋಡಿದ.

ನೀರುಗಂಟಿ ದಾರಿಗೆ ಅಡ್ಡ ನಿಲ್ಲಲಿಲ್ಲ. ಪಕ್ಕಕ್ಕೆ ಸರಿದು ದಾರವನ್ನು ತೋರಿಸಿದ.

"ಹಕ್ಕು ಇದೆ ತಮ್ಮಾ. ಉಡಿದಾರ ಕೊಯ್ಯುವುದು ಹೆಣದ್ದು. ಹೆಣ ತೋರಿಸು, ಕೊಯ್ಯಿ."

ಅಣ್ಣನ ಕೈ ನಿಂತಿತು. ಒಬ್ಬ ಹೆಂಗಸಿನ ಮೊರದಿಂದ ಒಂದು ಬಳೆ ಜಾರಿ ಕಲ್ಲಿನ ಮೇಲೆ ಬಿದ್ದು ಉರುಳಿದ ಸದ್ದು ಎಲ್ಲರಿಗೂ ಕೇಳಿಸಿತು.

ನೀರುಗಂಟಿ ತನ್ನ ಪಂಚೆಯೊಳಗೆ ಕೈ ಹಾಕಿ ತನ್ನ ಉಡಿದಾರ ಬಿಚ್ಚಿದ. ಕಲ್ಲುಕುಟಿಗನ ದಾರದ ಪಕ್ಕದಲ್ಲೇ, ಬಳೆಗೂ ತೂತಿಗೂ ಸೇರಿಸಿ, ಕಟ್ಟಿದ. ಎಳೆದು ನೋಡಿದ. ಪೂಜೆಯ ಬಾಳೆಕಂದಿನಿಂದ ಒಂದು ನಾರು ಸೀಳಿ ಸೊಂಟಕ್ಕೆ ಸುತ್ತಿಕೊಂಡ. ಏರಿ ಇಳಿದ. ಕಾಲುವೆಯ ಬಾಯಿಗೆ ಹೋಗಿ, ಅವಸರದಲ್ಲೂ, ಒಂದು ಒಣ ಎಲೆ ಇಟ್ಟು ನೋಡಿದ. ಎಲೆ ಅಲುಗಲಿಲ್ಲ. ದೀಪ ಹಿಡಿದು ಒಳಗೆ ಹೋದ.

ಒಳಗೆ ಅಂಬೆಗಾಲಿಕ್ಕುವಾಗ ಅವನಿಗೆ ಒಂದು ವಿಷಯ ಹೊಳೆಯಿತು. ಅವನ ತಲೆಯ ಮೇಲೆ ಕೆರೆ ಇತ್ತು. ಕೆರೆಯ ಮೇಲೆ ಏರಿಯ ಜನ ಇದ್ದರು. ಅವರಲ್ಲಿ ಕೋಪಗೊಂಡ ಒಬ್ಬ ಯಜಮಾನ, ಕುಡುಗೋಲು ಹಿಡಿದ ಒಬ್ಬ ಅಣ್ಣ. ಅವರೆಲ್ಲ ಒಳ್ಳೆಯವರೆಂಬುದು ಅವನಿಗೆ ಗೊತ್ತಿತ್ತು. ಆದರೆ ಆ ಕತ್ತಲಲ್ಲಿ ಮೊಣಕಾಲು ಮುಂದಿಡಲು ಅವನಿಗೆ ಧೈರ್ಯ ಕೊಟ್ಟದ್ದು ಅವರ ಒಳ್ಳೆಯತನವಲ್ಲ. ತಾನೇ ಹಾಕಿ ಎಳೆದು ನೋಡಿದ ಗಂಟು. ಇಷ್ಟು ವರ್ಷ ಅವನು ಬೇರೆಯವರ ದಾರ ಕಾದಿದ್ದ. ತನ್ನ ದಾರ ತನ್ನನ್ನು ಕಾಯುವುದು ಹೇಗಿರುತ್ತದೆ ಎಂದು ಅವನಿಗೆ ಅಂದು ತಿಳಿಯಿತು.

ತಿರುವು ದಾಟಿದ. ದೀಪದ ಬೆಳಕಿಗೆ ಮೊದಲು ಕಂಡದ್ದು ಒಂದು ಅಂಗಾಲು.

ಕಲ್ಲುಕುಟಿಗ ಕೆಸರಿನಲ್ಲಿ ಬಿದ್ದಿದ್ದ. ಚಕ್ಕೆಯನ್ನು ಸಂದಿಗೆ ಬಡಿದು ಕೂರಿಸಿದ್ದ. ಬಡಿದ ಪೆಟ್ಟಿಗೆ, ಮೇಲಿನ ಹಳೆಯ ಕಲ್ಲುಕಟ್ಟಿನ ಒಂದು ಕಲ್ಲು ಜಾರಿ ಅವನ ತಲೆಗೆ ತಾಗಿತ್ತು. ಹಣೆಯಿಂದ ರಕ್ತ ಇಳಿದು ಹೆಪ್ಪುಗಟ್ಟಿತ್ತು. ಪ್ರಜ್ಞೆ ಇರಲಿಲ್ಲ. ನೀರುಗಂಟಿ ಅಂಗೈಯನ್ನು ಅವನ ಮೂಗಿನ ಕೆಳಗೆ ಹಿಡಿದ. ಉಸಿರು ಬೆಚ್ಚಗೆ ತಾಗಿತು.

ಕಾಲುವೆಯ ಬಳಿ ಕಾಯುತ್ತಿದ್ದವರಿಗೆ ಮೊದಲು ನೀರುಗಂಟಿಯ ಹಿಮ್ಮಡಿ ಕಾಣಿಸಿತು. ಆಮೇಲೆ ಬೆನ್ನು. ಆಮೇಲೆ ಅವನ ಮುಷ್ಟಿಯಲ್ಲಿ ಹೆಗಲುವಸ್ತ್ರದ ಎರಡು ತುದಿ. ಆ ವಸ್ತ್ರದ ಕುಣಿಕೆಯಲ್ಲಿ ಎರಡು ಕಂಕುಳು, ಒಂದು ತಲೆ.

ಏರಿಯ ಮೇಲಿದ್ದ ಅಣ್ಣ ಅಲ್ಲಿಂದಲೇ ನೋಡಿದ. ಕೈಯಲ್ಲಿದ್ದ ಕುಡುಗೋಲನ್ನು ನೋಡಿಕೊಂಡ. ಅದನ್ನು ಮೆಲ್ಲಗೆ ಕಲ್ಲಿನ ಮೇಲೆ ಇಟ್ಟು, ಅಲ್ಲೇ ಕೂತ. ಇಬ್ಬರು ಬಂದು ತೋಳು ಹಿಡಿದು ಅವನನ್ನು ಕಾಲುವೆಯ ಬಳಿಗೆ ಇಳಿಸಿದರು.

ಮುಖಕ್ಕೆ ನೀರು ಹಾಕಿದರು. ಹೂವಿನ ಅಜ್ಜಿ ತನ್ನ ಸೆರಗಿನಿಂದ ಹಣೆ ಒರೆಸಿದಳು. ಸ್ವಲ್ಪ ಹೊತ್ತಿಗೆ ಕಲ್ಲುಕುಟಿಗ ಕಣ್ಣು ತೆರೆದ. ಎದುರಿಗೆ ಅಣ್ಣನ ಮುಖ ಕಂಡಿತು.

"ಅಣ್ಣ" ಎಂದ ಅವನು, "ಈಗ ಬೆಕ್ಕು ಒರಗಲಿ."

ಅಣ್ಣನಿಗೆ ನಗು ಬಂತು. ನಗುತ್ತಲೇ ತಮ್ಮನ ಕಾಲು ಹಿಡಿದುಕೊಂಡು ಅತ್ತ.

ಕಲ್ಲುಕುಟಿಗನನ್ನು ಹೆಗಲ ಮೇಲೆ ಹೊತ್ತು ಏರಿಗೆ ತಂದರು. ಯಾರೋ, ನಾವೇ ಬಿಚ್ಚುತ್ತೇವೆ, ಅವನು ಮಲಗಿರಲಿ ಎಂದರು. ನೀರುಗಂಟಿ ಬೇಡ ಎಂದು ಕೈ ಅಡ್ಡ ಮಾಡಿದ. ಇಬ್ಬರು ಹಿಡಿದುಕೊಂಡರು. ಕಲ್ಲುಕುಟಿಗ ಕೆಸರು ಮೆತ್ತಿದ ಬೆರಳುಗಳಿಂದ ತನ್ನ ಗಂಟನ್ನು ತಾನೇ ಬಿಚ್ಚಿದ. ಬಹಳ ಹೊತ್ತು ಹಿಡಿಯಿತು. ಇನ್ನೂರು ಜನ ಆ ಬೆರಳುಗಳನ್ನೇ ನೋಡುತ್ತಿದ್ದರು. ತಾಯಿತದ ದಾರ ಮತ್ತೆ ಅವನ ಸೊಂಟಕ್ಕೆ ಬಂತು. ಆಮೇಲೆ ನೀರುಗಂಟಿ ತನ್ನದನ್ನು ಬಿಚ್ಚಿ ಕಟ್ಟಿಕೊಂಡ. ಕಂಬದ ಬಳೆ ಬರಿದಾಯಿತು.

ಘಳಿಗೆ ಎಂದೋ ಮೀರಿತ್ತು. ಜೋಯಿಸ, ಇನ್ನು ಹನ್ನೊಂದು ದಿನ ಕಾಯಬೇಕು ಎನ್ನಲು ಬಾಯಿ ತೆರೆದ.

"ಜೋಯಿಸರೆ" ಎಂದ ಯಜಮಾನ, "ಬದುಕಿ ಬಂದವನು ತನ್ನ ಗಂಟು ತಾನೇ ಬಿಚ್ಚಿದ ಘಳಿಗೆ ಇದು. ಇದಕ್ಕಿಂತ ಒಳ್ಳೆಯದು ನಿಮ್ಮ ಪಂಚಾಂಗದಲ್ಲಿ ಇದೆಯೆ?"

ಜೋಯಿಸ ಪಂಚಾಂಗ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ. "ಇಲ್ಲ" ಎಂದ.

ಯಜಮಾನ ನೀರುಗಂಟಿಯ ಕಡೆ ತಿರುಗಿದ. ತನ್ನ ಜರಿಪೇಟ ತೆಗೆದು ನೀರುಗಂಟಿಯ ತಲೆಗೆ ಇಟ್ಟ. ಅದು ದೊಡ್ಡದಾಗಿ ಕಿವಿಯವರೆಗೆ ಇಳಿಯಿತು. ಜನ ನಕ್ಕರು. ಈ ಸಲ ನಗೆಯಲ್ಲಿ ಕುಹಕವಿರಲಿಲ್ಲ.

ನೀರುಗಂಟಿ ಕೋಲು ಎತ್ತಿದ.

ಸುರಂಗ ಗುಡುಗಿತು. ಏರಿಯ ಆಚೆಗೆ ನೀರು ಬಿಳಿಯಾಗಿ ಹಾರಿ ಬಿತ್ತು. ಕಾಲುವೆ ತುಂಬಿತು, ಗದ್ದೆಯಿಂದ ಗದ್ದೆಗೆ ಹರಿಯಿತು. ಕಲ್ಲುಕುಟಿಗ ಕಟ್ಟಿದ ತಿರುವಿನಲ್ಲಿ ಒಂದು ಕಲ್ಲೂ ಅಲುಗಲಿಲ್ಲ. ಓಲಗದವರು ಯಾರೂ ಹೇಳದೆಯೇ ಊದತೊಡಗಿದರು. ಹೆಂಗಸರು ಬಾಗಿನ ಬಿಟ್ಟರು. ಒಬ್ಬ ಹೆಂಗಸು ಒಂದು ಹೊಸ ಉಡಿದಾರವನ್ನೂ ಮೊರದಲ್ಲಿಟ್ಟು ನೀರಿಗೆ ಬಿಟ್ಟಳು. ಮುಂದಿನ ವರ್ಷದಿಂದ ಎಲ್ಲ ಮೊರಗಳಲ್ಲೂ ಉಡಿದಾರ ಇರುತ್ತಿತ್ತು.

ಆ ಸಂಜೆ ನೀರುಗಂಟಿ ಒಬ್ಬನೇ ಕಾಲುವೆಗೆ ಇಳಿದ. ಒಂದು ಬೊಗಸೆ ನೀರು ಎತ್ತಿ ಕುಡಿದ. ಇನ್ನೊಂದು ಬೊಗಸೆ ಎತ್ತಿ, ಅಪ್ಪನನ್ನು ನೆನೆದು, ಮೆಲ್ಲಗೆ ಹರಿಯುವ ನೀರಿಗೇ ಬಿಟ್ಟ.

ಮುಂದಿನ ವರ್ಷ ತಿರುವಿನ ಕಲ್ಲುಕಟ್ಟು ಹೇಗಿದೆ ಎಂದು ನೋಡಲು ಯಜಮಾನ ತಾನೇ ಸುರಂಗಕ್ಕೆ ಇಳಿಯುತ್ತೇನೆ ಎಂದ. ಅವನದು ಬೆಳ್ಳಿ ಎಳೆ ಸೇರಿಸಿ ಹೊಸೆದ ಉಡಿದಾರ. ಅದನ್ನು ಬಿಚ್ಚಿ ಕೋಲಿಗೆ ಕಟ್ಟಿದ. ನೀರುಗಂಟಿ ಬಗ್ಗಿ ನೋಡಿದ.

"ಗಂಟು ಸಡಿಲ ಯಜಮಾನರೆ. ಇನ್ನೊಂದು ಸಲ ಕಟ್ಟಿ."

ಯಜಮಾನ ಇನ್ನೊಂದು ಸಲ ಕಟ್ಟಿದ. ಸೊಂಟಕ್ಕೆ ಬಾಳೆನಾರು ಸುತ್ತಿಕೊಂಡ. ಯಾರೂ ಮದುಮಗ ಎನ್ನಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಗುರುಮಲ್ಲ ತಲೆ ತಗ್ಗಿಸಿ ಕೂತಿದ್ದ. ಬಾಗಿಲಿನ ಆಚೆ ಚಿಕ್ಕಮಾದು ಬಂದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ತಿಳಿಯದು. ಅವನ ಕೈಯೆಲ್ಲ ಹಿಟ್ಟು. ಆ ಕೈಗಳನ್ನು ಅವನು ನೋಡಿಕೊಳ್ಳುತ್ತಿದ್ದ.

"ದಾರ ಕಲ್ಲುಕುಟಿಗನನ್ನು ಉಳಿಸಿತು ಬುದ್ಧಿ, ಒಪ್ಪಿದೆ" ಎಂದ ಗುರುಮಲ್ಲ. "ಆದರೆ ನೀರುಗಂಟಿಯ ಅಪ್ಪ ಅಷ್ಟು ಯೋಚಿಸಿ ಆ ನಿಯಮ ಮಾಡಿದನಲ್ಲ. ಅವನಿಗೆ ಅನುಮಾನವಿದ್ದದ್ದು ಯಾರ ಮೇಲೆ?"

ಗುರುಗಳು ನೆಲದ ಮೇಲಿದ್ದ ಬೀಗವನ್ನು ಎತ್ತಿ ಅವನ ಅಂಗೈಯಲ್ಲಿ ಇಟ್ಟರು. ಬೀಗದ ಕೈಯನ್ನು ಬಾಗಿಲಲ್ಲಿದ್ದ ಚಿಕ್ಕಮಾದುವಿನ ಕಡೆಗೆ ಚಾಚಲಿಲ್ಲ, ಅದನ್ನೂ ಅವನ ಅಂಗೈಯಲ್ಲೇ ಇಟ್ಟು ಬೆರಳು ಮಡಿಸಿದರು.

"ಗುರುಮಲ್ಲ, ಆ ದಿನ ಏರಿಯ ಮೇಲೆ ಕಲ್ಲುಕುಟಿಗನಿಗೆ ಆಗದವರು ಒಬ್ಬರೂ ಇರಲಿಲ್ಲ. ಆದರೂ ಕುಡುಗೋಲು ದಾರದವರೆಗೆ ಬಂದಿತ್ತು."